ಒಂಬತ್ತು ಚೀಟಿ

ಪ್ರಿನ್ಸಿಪಾಲ್ ಅಮರಗುಂಡಪ್ಪನವರು ಬೀಗ ತೆಗೆದು ದೂರು ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹಲ್ಲಿಮೊಟ್ಟೆಯ ಸಿಪ್ಪೆಯೊಂದು ಬಿತ್ತು, ಅಷ್ಟೇ. ಬಳಗಾನೂರು ಬಸ್ಸಿನಲ್ಲಿ ಹುಡುಗಿಯರನ್ನು ಚುಡಾಯಿಸುತ್ತಾರೆಂದು ಸುದ್ದಿಯಾಗಿ, ಮೂವರು ಓದು ಬಿಟ್ಟ ಮೇಲೆ ಕಾಲೇಜು ಆ ಪೆಟ್ಟಿಗೆ ತರಿಸಿತ್ತು. ಯಾರೂ ಕದಿಯಬಾರದೆಂದು ಅದನ್ನು ಪ್ರಿನ್ಸಿಪಾಲರ ಬಾಗಿಲ ಪಕ್ಕ, ಕ್ಯಾಮೆರಾದ ಕೆಳಗೇ ತೂಗುಹಾಕಿದ್ದರು.

“ಬರ್ಕೋರಿ ಮೇಡಂ, ಈ ತಿಂಗಳೂ ದೂರಿಲ್ಲ,” ಎಂದರು. ಸುರಕ್ಷತಾ ಸಮಿತಿಯ ಅಮೂಲ್ಯಾ ಮೇಡಂ ಬರೆದುಕೊಂಡರು.

ಚಹಾ ತಂದಿದ್ದ ಅಟೆಂಡರ್ ಪೀರ್‌ಬೀ ಹೊರಗೆ ಹೋಗಿ, ತನ್ನ ಊಟದ ಡಬ್ಬಿಯೊಂದಿಗೆ ಮತ್ತೆ ಬಂದಳು. ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಸಣ್ಣಗೆ ಮಡಿಸಿದ ಒಂಬತ್ತು ಚೀಟಿಗಳಿದ್ದವು.

“ಹುಡುಗ್ಯಾರು ಕೊಟ್ಟಾರ್ರೀ ಸರ. ಸಾಹೇಬ್ರಿಗೆ ಮುಟ್ಟಸು ಅಂದಾರ.”

“ಪೆಟ್ಟಿಗಿ ಬಿಟ್ಟು ನಿನ್ನ ಕೈಯಾಗ ಯಾಕ ಕೊಟ್ರು?”

“ಪೆಟ್ಟಿಗಿ ಮ್ಯಾಲ ಕ್ಯಾಮೆರಾ ಐತಲ್ರೀ. ನನಗರ ಓದಾಕ ಬರಂಗಿಲ್ಲ. ಅದಕ್ಕ ನನ್ನ ನಂಬ್ಯಾರ.”

ಅಮೂಲ್ಯಾ ಮೇಡಂ ತಾವು ಬರೆದ ಸಾಲನ್ನು ಹೊಡೆದುಹಾಕಿದರು. ಅಮರಗುಂಡಪ್ಪನವರು ಕನ್ನಡಕ ಏರಿಸಿ ಮೇಲಿನ ಚೀಟಿ ಬಿಡಿಸಿದರು. ಹೆಸರಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಈ ಅಕ್ಷರ ಯಾರದು?” ಎಂದರು.

ಪೀರ್‌ಬೀ ಪ್ರಿನ್ಸಿಪಾಲರ ಬೆರಳುಗಳಿಂದ ಚೀಟಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಇದ್ದ ಮಡಿಕೆಗಳಲ್ಲೇ ಮತ್ತೆ ಮಡಿಸಿ, ಉಳಿದ ಎಂಟರ ಜೊತೆಗಿಟ್ಟು, ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.