ಕರೆಂಟ್ ಹೋದ ಮೇಲಿನ ಕುಸ್ತಿ

ಹೊಸ ಛತ್ರಿಯನ್ನು ಮೊದಲ ಸಲ ಬಿಚ್ಚಿದಾಗ ಬರುವ ವಾಸನೆ! ಕಂಪ್ಯೂಟರ್ ಮಾರುವ ಭೀಮಸಿ ತನ್ನ ಚೀಲದಿಂದ ಎರಡು ಲ್ಯಾಪ್‌ಟಾಪುಗಳನ್ನು ತೆಗೆದು ಪಡಸಾಲೆಯ ಮಂಚದ ಮೇಲೆ ಇಟ್ಟೊಡನೆ ಕುಸುಮಳ ಮೂಗಿಗೆ ಅದೇ ಬಡಿಯಿತು. ರಾಯಬಾಗದ ತವರಿನಲ್ಲಿ ಶಾಲೆ ಶುರುವಾಗುವ ಮುಂಚೆ ಅಪ್ಪ ಛತ್ರಿ ತಂದುಕೊಟ್ಟರೆ, ಮಳೆ ಬರುವ ತನಕ ತಡೆಯಲಾರದೆ ಮನೆಯೊಳಗೇ ಬಿಚ್ಚಿಕೊಂಡು ಕೂತವಳು ಅವಳು. ನಲವತ್ತು ದಾಟಿದರೂ ಇವತ್ತು ಕೈ ಹಾಗೇ ತಹತಹಿಸುತ್ತಿತ್ತು.

“ಎರಡೂ ಇನ್ನೂ ಪ್ಯಾಟಿಗೆ ಬಂದಿಲ್ರಿ ಅಕ್ಕಾರ. ದೀಪಾವಳಿಗೆ ಬರ್ತಾವ. ತೋರಸಾಕ ಅಂತ ಕಂಪನಿಯವರು ಕೊಟ್ಟಾರ,” ಎಂದ ಭೀಮಸಿ. ನಸುಕಿನಲ್ಲೇ ಅಥಣಿ ಬಿಟ್ಟು, ದಾರಿಯುದ್ದಕ್ಕೂ ಅಂಗಡಿ ಅಂಗಡಿಗೆ ಇವನ್ನು ತೋರಿಸುತ್ತ ಕುಸುಮಳ ಊರು ಬೋರಗಾಂವ ಮುಟ್ಟಿದ್ದ. ಕಪ್ಪು ಯಂತ್ರ ಹಗುರ, ಬೂದು ಯಂತ್ರದ ಪರದೆ ದೊಡ್ಡದು. ಕಪ್ಪಿಗೆ ಫ್ಲಾಪಿಯ ಡಬ್ಬಿಯನ್ನು ಹೊರಗಿನಿಂದ ಜೋಡಿಸಬೇಕು, ಬೂದಿಗೆ ಅದು ಹೊಟ್ಟೆಯಲ್ಲೇ ಇದೆ. ಕುಸುಮಳ ಮನಸ್ಸು ಕಪ್ಪಿನ ಮೇಲೆ.

ಕುಸುಮಳ ಮಾವ ತವನಪ್ಪನವರು ನೂಲಿನ ಗಂಟು ತೂಗುವವರಂತೆ ಕೈಗೊಂದು ಯಂತ್ರ ಎತ್ತಿ ಹಿಡಿದರು. “ಈ ಬೂದಿ ಬಣ್ಣದ್ದು ಗಟ್ಟಿ ಪೈಲವಾನ ನೋಡವ್ವಾ. ನಿನ್ನ ಕರೀದು ಜ್ವರ ಬಂದ ಎದ್ದಾಂಗ ಐತಿ.”

“ಕುಸ್ತಿ ತೂಕದ ಮ್ಯಾಲ ಐತೇನ್ರಿ ಮಾಮಾರ? ಪಟ್ಟಿನ ಮ್ಯಾಲ ಐತಿ,” ಎಂದಳು ಕುಸುಮ. ಮನೆಯ ಕರೆಂಟ್ ಮಗ್ಗಗಳ ಲೆಕ್ಕವನ್ನೆಲ್ಲ ಯಂತ್ರದಲ್ಲಿ ಬರೆಯಬೇಕೆಂಬ ಆಸೆಗೆ ಅವಳು ಮಧ್ಯಾಹ್ನದ ಬಸ್ಸು ಹಿಡಿದು ನಿಪ್ಪಾಣಿಗೆ ಕಂಪ್ಯೂಟರ್ ಕಲಿಯಲು ಹೋಗಿಬಂದಿದ್ದಳು. ಯಂತ್ರ ಕೊಳ್ಳಲು ಮಾವ ಇವತ್ತಿನ ತನಕ ಹೂಂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಶೆಡ್ಡಿನಲ್ಲಿ ಖಟಾಖಟ ಬಡಿಯುತ್ತಿದ್ದ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಕರೆಂಟ್ ಹೋಯಿತು.

ತವನಪ್ಪನವರು ತೊಡೆ ತಟ್ಟಿದರು. “ಬೇಷ್! ಹಚ್ಚೋ ತಮ್ಮಾ ಎರಡನ್ನೂ. ಕರೆಂಟ್ ಬರೂತನಕಾ ಯಾವದು ಕಣ್ಣ ತೆರದ ಇರತೈತೋ ಅದು ನಮ್ಮನಿಗಿ. ಎರಡೂ ಕಣ್ಣ ಮುಚ್ಚಿದ್ವೋ, ಎರಡೂ ಬ್ಯಾಡ. ಈ ಊರಿನ ಕರೆಂಟಿನ ಹಣೇಬರಾ ತಾಳಲಾರದ್ದು ನಮಗ್ಯಾಕ?”

ಕುಸುಮಳ ಪರವಾಗಿ ಮಾತಾಡಲು ಗಂಡನೂ ಮನೆಯಲ್ಲಿರಲಿಲ್ಲ, ನೂಲು ತರಲು ಇಚಲಕರಂಜಿಗೆ ಹೋಗಿದ್ದ. ಆದರೂ ಅವಳಿಗೆ ನಗು ತಡೆಯಲಾಗಲಿಲ್ಲ. ಮಾವ ಆಗಲೇ ಧೋತರ ಮೇಲೆತ್ತಿ ಕಟ್ಟಿ, ಅಖಾಡದ ಪಂಚನಂತೆ ಮಂಚದ ನಡುವೆ ಕೂತುಬಿಟ್ಟಿದ್ದರು.

ಬಹಳ ಹೊತ್ತು ಎರಡೂ ಬೆಳಗುತ್ತಿದ್ದವು. ಆಮೇಲೆ ಕಪ್ಪಿನ ಪರದೆ ಫಕ್ಕನೆ ಕತ್ತಲಾಯಿತು.

“ಚಿತ್! ಬೆನ್ನ ನೆಲಕ್ಕ ಹತ್ತಿತು!” ಎಂದು ತವನಪ್ಪನವರು ಕೂಗಿದರು. ಭೀಮಸಿ ಒಂದು ಗುಂಡಿ ಒತ್ತಿದ. ಪರದೆ ಮತ್ತೆ ಬೆಳಗಿತು.

“ಏ, ಏ! ಬಿದ್ದ ಪೈಲವಾನನ್ನ ಕೈ ಹಿಡದ ಎಬ್ಬಸ್ತಾರೇನಲೇ?”

“ಬಿದ್ದಿಲ್ರಿ ಸಾವಕಾರ್ರ. ಯಾರೂ ಮುಟ್ಟಲಿಲ್ಲಂದ್ರ ತೂಕಡಸ್ತೈತಿ.”

“ಕುಸ್ತಿ ನಡಕ ತೂಕಡಸ್ತೈತಿ?”

“ನೀವು ಪ್ರವಚನದಾಗ ತೂಕಡಸೂದಿಲ್ಲೇನ್ರಿ ಮಾಮಾರ? ಎಬ್ಬಿಸಿದ್ರ ಮತ್ತ ಕೈ ಮುಗಿಯೂದಿಲ್ಲೇನು?” ಎಂದಳು ಕುಸುಮ. ತವನಪ್ಪನವರು ಹೊಟ್ಟೆ ಹಿಡಿದು ನಕ್ಕರು. ಅಲ್ಲಿಂದ ತಮ್ಮ ಬೂದು ಯಂತ್ರ ತೂಕಡಿಸದಂತೆ ತಾವೇ ಆಗಾಗ ಒಂದು ಗುಂಡಿ ಒತ್ತುತ್ತ, “ಭಲೇ ಮಗನ, ತಡೀ,” ಎನ್ನತೊಡಗಿದರು. ಕುಸುಮ ತನ್ನದರ ಬೆನ್ನು ಸವರಿದಳು.

ಅತ್ತೆ ಲಕ್ಷ್ಮಿಬಾಯಿ ಬಂದು, “ಹೊತ್ತ ಮುಳಗಾಕ ಬಂತು, ಊಟಕ್ಕ ಏಳ್ರಿ,” ಎಂದರು. ಸೂರ್ಯ ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಹಿರಿಯರು ತುತ್ತು ಮುಟ್ಟುವುದಿಲ್ಲ. “ಬಂದ್ನಿ, ಬಂದ್ನಿ,” ಎಂದರು ತವನಪ್ಪನವರು, ಪರದೆಯಿಂದ ಕಣ್ಣು ಕೀಳದೆ. ಲಕ್ಷ್ಮಿಬಾಯಿ ತಾಟು ತಂದು ಅವರ ಪಕ್ಕದಲ್ಲೇ ಇಟ್ಟು, ಮೇಲೊಂದು ತಾಟು ಮುಚ್ಚಿ ಹೋದರು.

ಬೂದು ಯಂತ್ರ ಕುಂಯ್ ಎಂದು ಆರಿಹೋಯಿತು. ಒತ್ತಿದರೂ ಏಳಲಿಲ್ಲ. ತವನಪ್ಪನವರು ಕ್ಷಣದಲ್ಲೇ ಪಕ್ಷ ಬದಲಿಸಿ ಕಪ್ಪಿನ ಕಡೆ ಸರಿದರು. “ಕರಿಯಾ, ಇನ್ನ ನೀನ ನಮ್ಮ ಮನಿ ಮರ್ಯಾದಿ!” ಅದೂ ಬೀಪ್ ಬೀಪ್ ಎನ್ನತೊಡಗಿತು. ಮೂವರೂ ಅದರ ಮೇಲೆ ಬಾಗಿದರು. ಮೂರು ಮುಖಗಳ ಮೇಲೆ ನೀಲಿ ಬೆಳಕು. ಕುಸುಮ ಕರೆಂಟಿಗಾಗಿ ಬೇಡಿಕೊಂಡಳು. ಬೀಪ್ ನಿಂತಿತು. ಕಪ್ಪೂ ಕಣ್ಣು ಮುಚ್ಚಿತು. ಮಗ್ಗಗಳು ಇನ್ನೂ ಸುಮ್ಮನೇ ಇದ್ದವು.

ಪಡಸಾಲೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಕತ್ತಲು. ಭೀಮಸಿ ಚೀಲ ಎಳೆದುಕೊಂಡ. ಕುಸುಮ ವೈರು ಸುತ್ತಿಕೊಟ್ಟಳು.

ಲಕ್ಷ್ಮಿಬಾಯಿ ಕಂದೀಲು ಹಿಡಿದು ಬಂದವರು ಮುಚ್ಚಿದ ತಾಟು ಹಾಗೇ ಇದ್ದುದನ್ನು ಕಂಡು ನಿಂತುಬಿಟ್ಟರು. “ಅಯ್ಯ ನಮ್ಮವ್ವಾ! ಉಂಡಿಲ್ಲ?”

ತವನಪ್ಪನವರು ಕಿಟಕಿಯತ್ತ ನೋಡಿದರು. ಚುಕ್ಕೆ ಮೂಡಿತ್ತು. ತಾಟನ್ನು ನೋಡಿದರು, ಸೊಸೆಯನ್ನು ನೋಡಿದರು. ಮೊದಲು ಹೆಗಲುಗಳು ಅಲುಗಿದವು, ಆಮೇಲೆ ನಗು ಹೊರಬಿತ್ತು.

“ಹುಟ್ಟಿದಾಗಿಂದ ಹೊತ್ತ ಮುಳಗೂದರಾಗ ಉಣ್ಣೂದ ತಪ್ಪಿಸಿದಾಂವ ಅಲ್ಲ ನಾ. ಇವತ್ತ ಇಷ್ಟಗಲ ಕಣ್ಣ ತೆರಕೊಂಡ ಕುಂತರೂ ನನಗ ಸೂರ್ಯಾನ ಕಾಣಲಿಲ್ಲ. ಮತ್ತ ಆ ಕರಿಯಾ ಪಾಪ ಒಂದಿಷ್ಟ ಕಣ್ಣ ಮುಚ್ಚಿದ್ದಕ್ಕ ಏನ ಅನ್ನೂದು? ದೀಪಾವಳಿಗಿ ಅದನ್ನ ತಂದ ಬಿಡೋ ತಮ್ಮಾ. ಕುಸುಮಾ, ಅದನ್ನ ನನಗೂ ನೀನ ಕಲಿಸಬೇಕು.”

ಕುಸುಮ ಒಮ್ಮೆ ಗಿರ್ರನೆ ತಿರುಗಿ, ಅತ್ತೆಯ ಕೈಯ ಕಂದೀಲು ಕಸಿದುಕೊಂಡು, ಏಕೆಂದು ತನಗೇ ತಿಳಿಯದೆ ಮತ್ತೆ ಅವರ ಕೈಗೇ ಕೊಟ್ಟಳು.

ತವನಪ್ಪನವರು ಆ ಗದ್ದಲದಲ್ಲಿ ಮೇಲೆ ಮುಚ್ಚಿದ್ದ ತಾಟು ತೆಗೆದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಬಟ್ಟಲು ತುಪ್ಪ. ಅದನ್ನು ಭೀಮಸಿಯ ಮುಂದೆ ಸರಿಸಿ, ತುಪ್ಪದ ಬಟ್ಟಲು ಅವನ ಬಲಗೈಗೆ ಹತ್ತಿರ ಬರುವಂತೆ ತಾಟನ್ನು ಮೆಲ್ಲಗೆ ತಿರುಗಿಸಿ ಇಟ್ಟರು.