ಸೋಮವಾರದ ಸಾಲು

ಗೆಳೆಯರೇ, ಷೇರು-ಗೀರು ಅಂದರೆ ಮಾರು ದೂರ ಓಡುವವರೂ ಇದನ್ನೊಮ್ಮೆ ಓದಿ... ಇದರಲ್ಲಿ ಟಿಪ್ಸ್ ಏನೂ ಇಲ್ಲ.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಗುರುನಾಥ ಹಂಪಿಹೊಳಿಯವರ 'ವಾರದ ಪೇಟೆ' ಎಂಬ ಷೇರು ಮಾರುಕಟ್ಟೆಯ ಪತ್ರಿಕೆ ಅಚ್ಚಾಗುತ್ತಿದ್ದುದು ನಮ್ಮಲ್ಲೇ.

ಪ್ರತಿ ಶನಿವಾರ ನಾಲ್ಕು ಪುಟ. ಯಾವುದು ಏರಿತು, ಯಾವುದು ಬಿತ್ತು, ಯಾಕೆ ಬಿತ್ತು... ಅಷ್ಟೇ. ಯಾವ ಷೇರು ಕೊಳ್ಳಬೇಕು ಎಂದು ಮಾತ್ರ ಆ ಮನುಷ್ಯ ಜಪ್ಪಯ್ಯ ಅಂದರೂ ಹೇಳುತ್ತಿರಲಿಲ್ಲ!

ಕೊನೆಗೆ ತಪ್ಪದೆ ಒಂದು ಸಾಲು. ಪೇಟೆ ಕುಸಿದು ಜನ ತಲೆ ಮೇಲೆ ಕೈ ಹೊತ್ತು ಕೂತ ವಾರವೂ ಅದೇ ಸಾಲು...

"ಸೋಮವಾರ ಬಾಗಿಲು ಮತ್ತೆ ತೆರೆಯುತ್ತದೆ."

ಈಗ ಎಲ್ಲರ ಕೈಯಲ್ಲೂ ಮೊಬೈಲ್. ಶುಕ್ರವಾರದ ಸುದ್ದಿಯನ್ನು ಶನಿವಾರ ಕಾಗದದಲ್ಲಿ ಯಾರು ಓದುತ್ತಾರೆ ಹೇಳಿ? ಚಂದಾದಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಹಂಪಿಹೊಳಿಯವರ ಕಣ್ಣೂ ಮಂಜಾಗಿತ್ತು. ಕಳೆದ ದೀಪಾವಳಿಗೆ ಪತ್ರಿಕೆ ನಿಲ್ಲಿಸಿಯೇಬಿಟ್ಟರು.

ಕೊನೆಯ ಸಂಚಿಕೆಯ ಪ್ರೂಫ್ ನೋಡುವಾಗ ಆ ಸಾಲಿನ ಮೇಲೆ ಗೀಟು ಎಳೆದರು. ಇರಲಿ ಬಿಡಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಇನ್ನ ನಂದೆಲ್ಲಿ ಸೋಮವಾರ? ಓದೋವ್ರಿಗೆ ಸುಳ್ಳು ಹೇಳಬಾರದು."

ಇಷ್ಟು ವರ್ಷ ಬರೆದದ್ದರಿಂದ ಯಾರಿಗೇನು ಉಪಯೋಗವಾಯಿತೋ ಎಂದು ಗೊಣಗುತ್ತ ಮನೆಗೆ ಹೋದರು. ನನಗೆ ಸಂಕಟವಾಯಿತು.

ಮುಂದಿನ ವಾರವೂ ಅಭ್ಯಾಸಬಲದಿಂದ ಪ್ರೆಸ್ಸಿಗೆ ಬಂದು ಚಹಾ ಕುಡಿಯುತ್ತ ಕೂತಿದ್ದರು. ಆಗ ವಯಸ್ಸಾದ ಹೆಂಗಸೊಬ್ಬರು ಅದೇ ಕೊನೆಯ ಸಂಚಿಕೆ ಹಿಡಿದುಕೊಂಡು ಒಳಗೆ ಬಂದರು.

ಹೆಸರು ಗಿರಿಜವ್ವ. ಗಂಡ ವಿರೂಪಾಕ್ಷಪ್ಪ ಬಟ್ಟೆ ಅಂಗಡಿ ನಡೆಸಿದವರು. ಲಕ್ವ ಹೊಡೆದು ನಾಲಿಗೆ ಬಿದ್ದುಹೋಗಿದೆ. ಮನೆಯಲ್ಲಿ ಒಂದು ಷೇರೂ ಉಳಿದಿಲ್ಲ. ಆದರೂ ಪ್ರತಿ ಶನಿವಾರ ಈಕೆ ಪಕ್ಕದಲ್ಲಿ ಕೂತು ಪತ್ರಿಕೆ ಓದಿ ಹೇಳುತ್ತಾರಂತೆ. ಒಂದಕ್ಷರ ಅರ್ಥವಾಗದಿದ್ದರೂ...

ಕೊನೆಯ ಸಾಲು ಬಂದಾಗ ವಿರೂಪಾಕ್ಷಪ್ಪ ಗಟ್ಟಿಮುಟ್ಟಾಗಿದ್ದ ಕಾಲದಿಂದಲೂ "ನೋಡೋಣು" ಅನ್ನುತ್ತಿದ್ದರು. ಎಲ್ಲ ಮಾತೂ ಹೋಯಿತು, ಅದೊಂದು ಉಳಿಯಿತು. ವಾರಕ್ಕೆಲ್ಲ ಅವರ ಬಾಯಿಂದ ಬರುವುದು ಅದೊಂದೇ ಮಾತು.

ಈ ಸಲ ಸಾಲೇ ಇರಲಿಲ್ಲ. ಗಿರಿಜವ್ವ ನೆನಪಿನಿಂದ ತಾವೇ ಹೇಳಿ ನೋಡಿದರು. ಇದೇ ಕೊನೆಯ ಸಂಚಿಕೆ ಎಂದು ಮೊದಲ ಪುಟ ಓದುವಾಗಲೇ ಕೇಳಿಸಿಕೊಂಡಿದ್ದ ಗಂಡ ಅಲ್ಲ ಎಂಬಂತೆ ತಲೆಯಾಡಿಸಿ ಗೋಡೆಯ ಕಡೆ ಹೊರಳಿದರಂತೆ.

"ಪೇಪರ್ ಬಂದ್ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಆ ಒಂದು ಸಾಲು ತಗೀಬ್ಯಾಡ್ರಿ ಸಾಹೇಬ್ರ... ನನಗ ಅವರ ದನಿ ಕೇಳಬೇಕನಸ್ತದ."

ಹಂಪಿಹೊಳಿಯವರು ಅರ್ಧ ಚಹಾ ಬಿಟ್ಟು ಎದ್ದರು. ಸ್ಕೂಟರ್ ತೆಗೆ ಎಂದು ನನಗೆ ಗದರಿದರು.

ಗಿರಿಜವ್ವನ ಮನೆಯಲ್ಲಿ ಹಾಸಿಗೆಯ ಪಕ್ಕ ಕೂತು, ತಾವು ಯಾರೆಂದು ಹೇಳಿ, ವಿರೂಪಾಕ್ಷಪ್ಪನವರ ಕೈ ಹಿಡಿದುಕೊಂಡರು.

"ಸೋಮವಾರ ಬಾಗಿಲು ಮತ್ತ ತೆರೀತದ್ರಿ."

ಗಿರಿಜವ್ವ ಬಾಗಿಲಿಗೆ ಒರಗಿ ನಿಂತೇ ಇದ್ದರು.

ಆಮೇಲೆ ವಿರೂಪಾಕ್ಷಪ್ಪನವರ ತುಟಿ ಅಲುಗಿತು. "ನೋ... ಡೋಣು."

ಗಿರಿಜವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಎಂಥ ಕುಸಿತಕ್ಕೂ ಜಗ್ಗದ ಹಂಪಿಹೊಳಿಯವರು ಬಿಕ್ಕಿ ಬಿಕ್ಕಿ ಅತ್ತರು.

ಪತ್ರಿಕೆ ಮತ್ತೆ ಶುರುವಾಗಲಿಲ್ಲ. ಆದರೆ ಶನಿವಾರ ಬಂತೆಂದರೆ ಅವರು ಆ ಮನೆಗೆ ಹೋಗಿ ಪೇಟೆಯ ಸುದ್ದಿಯೆಲ್ಲ ಹೇಳಿ, ಕೊನೆಗೆ ಆ ಸಾಲು ಹೇಳಿ ಬರುತ್ತಾರೆ.

ಕೆಲವು ವಾರ ಉತ್ತರ ಬರುತ್ತದೆ. ಕೆಲವು ವಾರ ಬರುವುದಿಲ್ಲ. ಬಾರದ ದಿನ ಗಿರಿಜವ್ವ ಗೇಟಿನವರೆಗೂ ಬಂದು, ಮುಂದಿನ ಶನಿವಾರ ಖಂಡಿತ ಬರಬೇಕು ಎಂದು ಹೇಳಿ ಕಳಿಸುತ್ತಾರೆ.

ನಮ್ಮ ಯಾವ ಮಾತಿಗೆ ಯಾರು ಕಾದಿದ್ದರು ಎಂಬುದು, ಎಷ್ಟೋ ಸಲ ಆ ಮಾತು ನಿಲ್ಲಿಸಿದ ಮೇಲೆಯೇ ಗೊತ್ತಾಗುತ್ತದೆ.

ನೀವು ಸುಮ್ಮನೆ ಆಡಿ ಮರೆತುಬಿಡುವ ಯಾವ ಮಾತಿಗಾಗಿ ನಿಮ್ಮವರು ಯಾರು ಕಾಯುತ್ತಿದ್ದಾರೆ... ಒಮ್ಮೆಯಾದರೂ ಯೋಚಿಸಿದ್ದೀರಾ?