ನಂದಿಬಟ್ಟಲಿನ ಬುಡ

೨೦೨೪ರ ಆಗಸ್ಟ್ ಹನ್ನೊಂದು, ಭಾನುವಾರ. ಮೇಘಶ್ರೀಯ ಹೆರಿಗೆಗೆ ವೈದ್ಯರು ಹೇಳಿದ ದಿನಕ್ಕೆ ಇನ್ನು ಮೂವತ್ತೆಂಟು ದಿನಗಳಿದ್ದವು. ತರಗತಿಗೆ ಹೆಸರು ಕೊಡಲು ಆಸ್ಪತ್ರೆಯವರು ಇಟ್ಟ ಗಡುವಿಗೆ ಇನ್ನು ಎರಡೇ ಗಂಟೆ. ಜೆ.ಪಿ. ನಗರದ ತವರುಮನೆಯ ವರಾಂಡದಲ್ಲಿ ಅವಳು ಫೋನನ್ನು ತಂದೆಯ ಮುಂದೆ ಹಿಡಿದಳು. ಎದೆಹಾಲು ಕುಡಿಸುವುದನ್ನು ಗರ್ಭಿಣಿಯರಿಗೆ ಮೊದಲೇ ಕಲಿಸುವ ತರಗತಿ. ಎರಡು ಶನಿವಾರ. ಜೊತೆಗೆ ಒಬ್ಬರು ಬರಬಹುದು.

ಗುರುಶಾಂತಪ್ಪನವರು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಕನ್ನಡಕ ಹಾಕಿಕೊಂಡು ಮೊದಲ ಎರಡು ಸಾಲು ಓದಿದರು. ಕನ್ನಡಕ ತೆಗೆದು ಮಡಿಸಿದರು. ಪೂಜೆಗೆಂದು ಕುಂಡದ ಗಿಡದಿಂದ ಬಿಡಿಸಿ ತಂದ ಹದಿನಾಲ್ಕು ನಂದಿಬಟ್ಟಲು ಹೂಗಳು ಪಕ್ಕದ ತಟ್ಟೆಯಲ್ಲಿದ್ದವು.

"ಇದಕ್ಕೆಲ್ಲ ಕ್ಲಾಸ್ ಯಾಕಮ್ಮ? ನಿಮ್ಮಮ್ಮ ಇದ್ದಾಳೆ, ಹೇಳ್ಕೊಡ್ತಾಳೆ."

ಮೇಘಶ್ರೀಯ ತಾಯಿ ಜಯದೇವಿಯವರು ಹೊಸ್ತಿಲ ಬಳಿ ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದರು. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡು ಗುರುಶಾಂತಪ್ಪನವರು ಹೂಗಳತ್ತ ನೋಡಿದರು. ಆ ಹೂ ಕಂಡಾಗಲೆಲ್ಲ ಅವರಿಗೆ ವಿಲ್ಸನ್ ಗಾರ್ಡನ್ನಿನ ಬಾಡಿಗೆ ಮನೆ ನೆನಪಾಗುತ್ತಿತ್ತು, ಮಿತಭಾಷಿಗಳಾದ ಅವರು ಮಾತನಾಡುತ್ತಿದ್ದುದೂ ಆಗಲೇ. ಎರಡು ಕೋಣೆ, ಹಿತ್ತಿಲಲ್ಲಿ ನಲ್ಲಿ, ನಲ್ಲಿಯ ಪಕ್ಕ ಸೊಂಟದೆತ್ತರದ ನಂದಿಬಟ್ಟಲು. ಮಗಳು ಹುಟ್ಟಿದ ತಿಂಗಳು ಮನೆ ತುಂಬ ಸಾಂಬ್ರಾಣಿಯ ಹೊಗೆ, ಬೆಳ್ಳುಳ್ಳಿಯ ವಾಸನೆ. ಬಿಸಿನೀರಿನ ಹಂಡೆಯ ಮುಂದೆ ಅವರ ತಾಯಿ. ಆ ವರ್ಷ ಗಿಡ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು. ಒಂದು ಬೆಳಿಗ್ಗೆ ಅವರು ಎಣಿಸಿದ್ದರು: ನೂರ ಹನ್ನೆರಡು. ಲಿಂಗಪೂಜೆಗೆ ಇಟ್ಟು, ಅಕ್ಕಪಕ್ಕದ ನಾಲ್ಕು ಮನೆಗೆ ಹಂಚಿಯೂ ಉಳಿದಿದ್ದವು. ಮನೆ ಬಿಡುವಾಗ ಒಂದು ಕಡ್ಡಿ ಮುರಿದು ತಂದರು. ಕುಂಡದಲ್ಲಿರುವುದು ಅದೇ. ಇದನ್ನು ಅವರು ಎಷ್ಟೋ ಸಲ ಹೇಳಿದ್ದರು, ಮತ್ತೊಮ್ಮೆ ಹೇಳಿದರು.

ಕೇಳಿ ಮುಗಿದ ಮೇಲೆ ಜಯದೇವಿಯವರು ಸೊಪ್ಪಿನ ಮೊರವನ್ನು ಬದಿಗಿಟ್ಟರು.

"ನಾನೇನು ಹೇಳ್ಕೊಡ್ಲಿ? ನನಗೇ ಬರಲ್ಲ. ಇವಳು ಕುಡಿದಿದ್ದು ಡಬ್ಬದ ಹಾಲು."

"ಅದಕ್ಕೇ ಅಮ್ಮ ನನಗೆ ಭಯ," ಎಂದಳು ಮೇಘಶ್ರೀ. "ನಿನಗೆ ಹಾಲಿರಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ನನಗೂ ಇಲ್ದೆ ಹೋದ್ರೆ?"

ಮೂವತ್ತೊಂದು ವರ್ಷಗಳಲ್ಲಿ ಯಾರೂ ಜಯದೇವಿಯವರನ್ನು ಆ ದಿನಗಳ ಬಗ್ಗೆ ಕೇಳಿರಲಿಲ್ಲ. ಅವರು ನಿಧಾನವಾಗಿ ಹೇಳಿದರು. ಮೊದಲ ಮೂರು ದಿನದ ಹಾಲು ಕೆಟ್ಟದ್ದು, ಹಳದಿ, ಮಗುವಿಗೆ ಆಗುವುದಿಲ್ಲ ಎಂದು ಅತ್ತೆ ಹಿಂಡಿಸುತ್ತಿದ್ದರು. ಮಗುವಿಗೆ ಒಳಲೆಯಲ್ಲಿ ಸಕ್ಕರೆ ನೀರು. ಹಿಂಡಿದ್ದನ್ನು ಯಾರೂ ತುಳಿಯಬಾರದೆಂದು ಗಿಡದ ಬುಡಕ್ಕೆ ಹಾಕಿಸುತ್ತಿದ್ದರು. ನಾಲ್ಕನೆಯ ದಿನ ಎದೆಗೆ ಹಚ್ಚಿದರೆ ಮಗು ಬಾಯಿ ತಿರುಗಿಸಿತು. ವಾರ ಕಳೆಯುವಷ್ಟರಲ್ಲಿ ಹಾಲು ಬತ್ತಿತು. ತೊಟ್ಟಿಲಿಗೆ ಹಾಕುವ ದಿನ ನೆಂಟರೆದುರಿಗೆ ಒಂದು ಮಾತು ಹೊರಬಿತ್ತು, ಇವಳಿಗೆ ಹಾಲಿಲ್ಲ ಎಂದು. ಅದನ್ನು ಹೇಳಿದವರು ಯಾರೆಂದು ಅವರು ಹೇಳಲಿಲ್ಲ. ಗುರುಶಾಂತಪ್ಪನವರಿಗೆ ಅದು ಯಾರೆಂದು ಗೊತ್ತಿತ್ತು.

ಮೇಘಶ್ರೀ ಫೋನಿನಲ್ಲಿ ತಂದೆ ಓದದೆ ಬಿಟ್ಟ ಸಾಲುಗಳನ್ನು ಹುಡುಕಿ ಓದಿದಳು. ತರಗತಿಯ ಮೊದಲ ಪಾಠ ಅದೇ ಆಗಿತ್ತು: ಹೆತ್ತ ಕೂಡಲೇ ಬರುವ ಹಳದಿ ಹಾಲನ್ನು ಚೆಲ್ಲಬಾರದು, ಮೊದಲ ದಿನ ಮಗುವಿಗೆ ಕೆಲವೇ ಚಮಚ ಸಾಕು, ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ.

"ಇನ್ನೊಂದ್ಸಲ ಓದು," ಎಂದರು ಜಯದೇವಿ.

ಅವಳು ಓದಿದಳು. ಜಯದೇವಿಯವರು ಬೆರಳಿಗೆ ಅಂಟಿದ್ದ ಸೊಪ್ಪಿನ ಎಳೆಯನ್ನು ಬಿಡಿಸಿಕೊಂಡರು.

"ಹಾಗಾದ್ರೆ ನನಗೆ ಹಾಲಿತ್ತು."

ಗುರುಶಾಂತಪ್ಪನವರ ಕಣ್ಣ ಮುಂದೆ ಒಂದು ಸಣ್ಣ ಬೆಳ್ಳಿ ಬಟ್ಟಲು ಬಂತು. ಅದರ ತಳ ಮುಚ್ಚುವಷ್ಟು ಹಳದಿ ಹಾಲು. ತಾಯಿ ಬಾಗಿಲಲ್ಲಿ ನಿಂತು ಅದನ್ನು ಅವರ ಕೈಗೆ ಕೊಡುತ್ತಿದ್ದರು. ಅವರು ಚೆಲ್ಲದಂತೆ ಹಿಡಿದು, ನಲ್ಲಿಯ ಪಕ್ಕದ ಗಿಡದ ಬುಡಕ್ಕೆ ಸುರಿದು, ಬಟ್ಟಲನ್ನು ತೊಳೆದು ತರುತ್ತಿದ್ದರು. ಒಳಗೆ ಮಗು ಅಳುತ್ತಿತ್ತು. ಇದ್ದುದನ್ನೆಲ್ಲ ಕಳೆದು ಉಳಿದ ಸೊನ್ನೆಯನ್ನು ತೊಟ್ಟಿಲಿನ ದಿನ ಅವರೇ ಹೆಂಡತಿಯ ಹೆಸರಿಗೆ ಬರೆದಿದ್ದರು.

"ಹೆಸರು ಕೊಡಮ್ಮ," ಎಂದರು ಮಗಳಿಗೆ.

"ಜೊತೆಗೆ ಬರೋರ ಹೆಸರೂ ಕೇಳ್ತಾರೆ ಅಪ್ಪ. ಚಿದಾನಂದ್ ರಜ ಹಾಕ್ತೀನಿ ಅಂದಿದಾರೆ."

"ಅಳಿಯಂದ್ರಿಗೆ ನಾನು ಹೇಳ್ತೀನಿ. ನಿಮ್ಮಮ್ಮನ ಹೆಸರು ಹಾಕು."

ಮೇಘಶ್ರೀ ತಾಯಿಯ ಕಡೆ ನೋಡಿದಳು. ಜಯದೇವಿಯವರು ಬೇಡವೆನ್ನಲಿಲ್ಲ. ಅವಳು ಎರಡೂ ಹೆಸರುಗಳನ್ನು ತುಂಬಿ ಕಳುಹಿಸಿ, ಸೊಂಟಕ್ಕೆ ಕೈ ಕೊಟ್ಟು ಎದ್ದು ಒಳಗೆ ಹೋದಳು.

ಗುರುಶಾಂತಪ್ಪನವರು ಹೂವಿನ ತಟ್ಟೆಯನ್ನು ಕೈಗೆತ್ತಿಕೊಂಡರು. ಪೂಜೆಗೆ ಹೊತ್ತಾಗಿತ್ತು. ಒಳಗೆ ಹೋಗಲಾಗದೆ ಹೊಸ್ತಿಲ ಬಳಿ ನಿಂತರು.

"ಬುಡಕ್ಕೆ ಹಾಕಿದ್ದು ನಾನು," ಎಂದರು. "ಒಂಬತ್ತು ಬಟ್ಟಲು."

ಜಯದೇವಿಯವರು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

"ಹತ್ತು," ಎಂದರು. "ಮೊದಲನೇ ದಿನ ನಾಲ್ಕು ಸಲ ತಗೊಂಡು ಹೋದ್ರಿ."